20×30 ಹಾಲ್‌ನಲ್ಲಿ ಎಂಟು ಮೂಲೆಯ ಕೇಜ್ ಯಾಕೆ ಬೇಡ

ಎಂಎಂಎ (ಬಾಕ್ಸಿಂಗ್, ಕುಸ್ತಿಯಂಥವೆಲ್ಲ ಬೆರೆತ ಕಾದಾಟದ ಆಟ) ಜಿಮ್ ತೆರೆಯಬೇಕು ಅಂತ ಹೊರಟವರ ತಲೆಯಲ್ಲಿ ಮೊದಲು ಬಂದು ಕೂರುವುದು ಆ ಎಂಟು ಮೂಲೆಯ ಕೇಜ್, ಅಂದರೆ ಸುತ್ತ ಜಾಲರಿ ಕಟ್ಟಿದ ಅಂಕಣ. ಟಿವಿಯಲ್ಲಿ ನೋಡಿದ್ದು ಅದನ್ನೇ ಅಲ್ವಾ. ಆದರೆ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೈಗೆಟಕುವ ಬಾಡಿಗೆಗೆ ಸಿಗುವುದು ಒಂದು ಬೇಸ್‌ಮೆಂಟ್, ಹಳೆ ಗೋಡೌನ್, ಇಲ್ಲವೇ ಅಂಗಡಿ ಮೇಲಿನ ಮಹಡಿ. 20 ಅಡಿ ಅಗಲ, 30 ಅಡಿ ಉದ್ದ ಅಂತ ಇಟ್ಟುಕೊಳ್ಳೋಣ. ಗೋಡೆಗೆ ತಾಗದ ಹಾಗೆ ಸುತ್ತ ಎರಡಡಿ ಬಿಟ್ಟರೆ 16 ಅಡಿಯ ಕೇಜ್ ಹಿಡಿಸುತ್ತದೆ. ವೆಲ್ಡಿಂಗ್ ಶಾಪ್‌ನವರಿಗೆ ಹೇಳಿ ಮಾಡಿಸಿ ನಡುವೆ ನಿಲ್ಲಿಸಿಬಿಡುತ್ತಾರೆ. ನೋಡೋಕೆ ಚೆನ್ನಾಗಿಯೇ ಇರುತ್ತದೆ. ತರಬೇತಿಗೆ ಮಾತ್ರ ಅದು ಸರಿಯಾದ ವಿನ್ಯಾಸ ಅಲ್ಲ ಅನ್ನುವುದು ನನ್ನ ವಾದ, ಅದಕ್ಕೆ ಹೈಸ್ಕೂಲ್ ರೇಖಾಗಣಿತ ಸಾಕು.

ಮೊದಲು ವಿಸ್ತೀರ್ಣ ನೋಡೋಣ. 1993ರಲ್ಲಿ ಡೆನ್ವರ್‌ನಲ್ಲಿ ಮೊದಲ ಪಂದ್ಯ ನಡೆಸಿದ ಯುಎಫ್‌ಸಿ (ಎಂಎಂಎ ಪಂದ್ಯ ನಡೆಸುವ ಅಮೆರಿಕದ ಸಂಸ್ಥೆ) ಬಳಸುವ ದೊಡ್ಡ ಕೇಜ್ ಒಳಗೆ 30 ಅಡಿ ಅಗಲ. ಚಿಕ್ಕದು 25 ಅಡಿ. ಅಷ್ಟಭುಜದ ವಿಸ್ತೀರ್ಣ ಬೇಕಾದರೆ ಎದುರುಬದುರು ಬದಿಗಳ ದೂರದ ವರ್ಗವನ್ನು 0.83ರಿಂದ ಗುಣಿಸಿದರೆ ಆಯಿತು. ದೊಡ್ಡದರಲ್ಲಿ ಸುಮಾರು 745 ಚದರಡಿ, ಚಿಕ್ಕದರಲ್ಲಿ ಸುಮಾರು 518. ಅಗಲದಲ್ಲಿ ಐದೇ ಅಡಿ ಹೋಗಿದ್ದು, ಆದರೆ ಜಾಗದಲ್ಲಿ ಶೇ. 30ಕ್ಕಿಂತ ಜಾಸ್ತಿ ಹೋಯಿತು. ನಮ್ಮ 16 ಅಡಿ ಕೇಜ್‌ಗೆ ಬಂದರೆ ಉಳಿಯುವುದು ಬರೀ 212 ಚದರಡಿ. ಅಂದರೆ 600 ಚದರಡಿಗೆ ಬಾಡಿಗೆ ಕಟ್ಟಿ, ಮೂರರಲ್ಲಿ ಎರಡು ಪಾಲಿನಷ್ಟು ಜಾಗವನ್ನು ಕೇಜಿನ ಹೊರಗೆ ಬಿಟ್ಟ ಹಾಗಾಯಿತು. ಅಲ್ಲಿ ಚಪ್ಪಲಿ ಬಿಡಬಹುದು, ಬ್ಯಾಗ್ ಇಡಬಹುದು, ಅಷ್ಟೇ.

ಇದು ಬಾಡಿಗೆಯ ನಷ್ಟ. ಇದಕ್ಕಿಂತ ದೊಡ್ಡ ನಷ್ಟ ಕೇಜಿನ ಒಳಗಿದೆ.

ಜಾಲರಿಯಿಂದ ನಾಲ್ಕಡಿ ಒಳಗಿನ ಪಟ್ಟಿಯನ್ನು 'ಅಂಚು' ಅಂತ ಕರೆಯೋಣ. ಅಲ್ಲಿ ನಿಂತವನು ಒಂದು ಹೆಜ್ಜೆ ಹಿಂದಿಟ್ಟರೆ ಬೆನ್ನು ಜಾಲರಿಗೆ ತಾಗುತ್ತದೆ. 30 ಅಡಿ ಕೇಜ್‌ನಲ್ಲಿ ಈ ಅಂಚು ಒಟ್ಟು ಜಾಗದ ಶೇ. 46. 25 ಅಡಿಯದರಲ್ಲಿ ಶೇ. 54. 16 ಅಡಿಗೆ ಇಳಿದರೆ ಶೇ. 75. ಅಲ್ಲಿಗೆ ನಡುವಿನ ಬಯಲು ಅನ್ನುವುದೇ ಹೆಚ್ಚುಕಡಿಮೆ ಇಲ್ಲ. ಕೇಜ್ ಚಿಕ್ಕದಾದಾಗ ಅದರ ಎಲ್ಲ ಭಾಗಗಳೂ ಸಮವಾಗಿ ಕುಗ್ಗುವುದಿಲ್ಲ, ನಡುಭಾಗ ಬೇಗ ಮಾಯವಾಗುತ್ತದೆ, ಅಂಚು ಹಾಗೇ ಉಳಿಯುತ್ತದೆ, ಯಾಕೆಂದರೆ ಮನುಷ್ಯನ ಹೆಜ್ಜೆಯ ಉದ್ದ, ಕೈಯ ಉದ್ದ ಕೇಜಿನ ಜೊತೆ ಕುಗ್ಗುವುದಿಲ್ಲವಲ್ಲ.

ಇದರಿಂದ ಆಟದ ಕಲಿಕೆಯೇ ಬದಲಾಗುತ್ತದೆ. ಇಬ್ಬರು ಐದಡಿ ದೂರದಲ್ಲಿ ನಿಂತಿದ್ದಾರೆ, ಒಬ್ಬ ಜಾಲರಿಯಿಂದ ಮೂರಡಿ ಒಳಗೆ ಸುತ್ತುತ್ತಿದ್ದಾನೆ, ಇನ್ನೊಬ್ಬ ನಡುಭಾಗ ಹಿಡಿದು ಅವನನ್ನು ಅಡ್ಡಗಟ್ಟುತ್ತಿದ್ದಾನೆ ಅಂದುಕೊಳ್ಳಿ. 30 ಅಡಿ ಕೇಜ್‌ನಲ್ಲಿ ಹೊರಗಿನವನ ಸುತ್ತಿನ ತ್ರಿಜ್ಯ 12 ಅಡಿ, ಒಳಗಿನವನದು 7 ಅಡಿ. ಹೊರಗಿನವನು 1.7 ಹೆಜ್ಜೆ ಇಟ್ಟಾಗ ಒಳಗಿನವನು 1 ಹೆಜ್ಜೆಯನ್ನಾದರೂ ಇಡಲೇಬೇಕು. ಅಡ್ಡಗಟ್ಟುವುದಕ್ಕೂ ಕಾಲು ಓಡಬೇಕು. 16 ಅಡಿ ಕೇಜ್‌ನಲ್ಲಿ ಹೊರಗಿನವನ ತ್ರಿಜ್ಯ 5 ಅಡಿ, ಒಳಗಿನವನದು ಸೊನ್ನೆ. ಅವನು ನಿಂತಲ್ಲೇ ತಿರುಗಿದರೆ ಸಾಕು. ಇಂಥ ಕೇಜ್‌ನಲ್ಲಿ ವರ್ಷಗಟ್ಟಲೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿದವನು ಎದುರಾಳಿಯನ್ನು ಅಟ್ಟುವುದು ಸುಲಭ ಅಂತ ನಂಬಿಕೊಂಡು ದೊಡ್ಡ ಕೇಜ್‌ಗೆ ಹೋಗುತ್ತಾನೆ. ಅಲ್ಲಿ ಎದುರಾಳಿ ಸಿಗುವುದೇ ಇಲ್ಲ.

ಹಾಗಾದರೆ ಕೇಜ್ ಬೇಡವೇ? ಬೇಕು. ಆದರೆ ಅದರಲ್ಲಿ ಯಾವುದು ಬೇಕು ಅನ್ನುವುದನ್ನು ಬಿಡಿಸಿ ನೋಡಬೇಕು. ಪ್ರತಿ ಕಾದಾಟದ ಆಟದಲ್ಲೂ ಅಂಚಿಗೆ ಒಂದೊಂದು ಅರ್ಥ ಇದೆ. ಸುಮೋ ಅಂಕಣದ ವೃತ್ತ ಬರೀ 4.55 ಮೀಟರ್, ಅದರೊಳಗೆ ಇಬ್ಬರು ದೈತ್ಯರು. ಗೋಡೆಯೂ ಇಲ್ಲ, ಹಗ್ಗವೂ ಇಲ್ಲ, ಆಚೆ ತಳ್ಳಿದರೆ ಆಟವೇ ಮುಗಿಯಿತು. ಅಂತರರಾಷ್ಟ್ರೀಯ ಕುಸ್ತಿಯ ವೃತ್ತ 9 ಮೀಟರ್, ಫ್ರೀಸ್ಟೈಲ್‌ನಲ್ಲಿ ಆಚೆ ಕಾಲಿಟ್ಟರೆ ಎದುರಾಳಿಗೆ 1 ಅಂಕ. ಬಾಕ್ಸಿಂಗ್‌ನ ಹಗ್ಗ ಒರಗಿದವನನ್ನು ವಾಪಸ್ ಒಳಕ್ಕೆ ತಳ್ಳುತ್ತದೆ. ಎಂಎಂಎ ಜಾಲರಿ ಮಾತ್ರ ಆಟದ ಸಾಮಾನಾಗಿಬಿಟ್ಟಿದೆ: ಬೆನ್ನು ಕೊಟ್ಟು ಎದ್ದು ನಿಲ್ಲುವುದು, ಎದುರಾಳಿಯನ್ನು ಅದಕ್ಕೆ ಒತ್ತಿ ಕಾಲು ಎಳೆಯುವುದು, ಎಲ್ಲವೂ ಅದರ ಮೇಲೇ ನಡೆಯುತ್ತದೆ. ಕಲಿಯಬೇಕಾದ್ದು ಆ ಜಾಲರಿಯ ಜೊತೆಗಿನ ವ್ಯವಹಾರ. ಅದಕ್ಕೆ ಎಂಟು ಬದಿ ಯಾಕೆ ಬೇಕು? ಒಂದು ಜೋಡಿ ಒಂದು ಹೊತ್ತಿಗೆ ಬಳಸುವುದು ಒಂದೋ ಎರಡೋ ಬದಿಯನ್ನು, ಹೆಚ್ಚೆಂದರೆ ಒಂದು ಮೂಲೆಯನ್ನು.

ಮೂಲೆಯ ಕೋನ ಮಾತ್ರ ಸರಿಯಾಗಿ ಬರಲೇಬೇಕು. ಅಷ್ಟಭುಜದ ಮೂಲೆ 135 ಡಿಗ್ರಿ, ಕೋಣೆಯ ಗೋಡೆಗಳ ಮೂಲೆ 90. ಮೂಲೆಯಲ್ಲಿ ಸಿಕ್ಕಿಕೊಂಡವನ ಎದುರು ನಾಲ್ಕಡಿ ದೂರದಲ್ಲಿ ಎದುರಾಳಿ ನಿಂತರೆ, 90 ಡಿಗ್ರಿಯಲ್ಲಿ ಅವನಿಗೂ ಗೋಡೆಗೂ ನಡುವೆ ಉಳಿಯುವ ದಾರಿ 2.8 ಅಡಿ. 135ರಲ್ಲಿ 3.7 ಅಡಿ. ಈ ಒಂದಡಿಯಲ್ಲೇ ತಪ್ಪಿಸಿಕೊಳ್ಳುವವನ ಜೀವ ಇರುವುದು. ಒಳ್ಳೆ ಸುದ್ದಿ ಏನಂದರೆ ಕೋನಕ್ಕೆ ಅಳತೆಯ ಹಂಗಿಲ್ಲ. ಕೇಜ್ ಎಷ್ಟೇ ಇರಲಿ, 135 ಅಂದರೆ 135.

ಹಾಗಾಗಿ ನನ್ನ ಪ್ಲಾನ್ ಇದು. 30 ಅಡಿ ಗೋಡೆಯ ಒಂದು ತುದಿಯಲ್ಲಿ 12 ಅಡಿಯಷ್ಟು ಜಾಲರಿ (30 ಅಡಿ ಕೇಜಿನ ಒಂದು ಬದಿಯ ಉದ್ದವೂ ಸುಮಾರು 12.4 ಅಡಿಯೇ), ಮೂಲೆಯನ್ನು ಓರೆಯಾಗಿ ಕತ್ತರಿಸುವ 8 ಅಡಿ ಜಾಲರಿ, ಆಮೇಲೆ ಚಿಕ್ಕ ಗೋಡೆಯುದ್ದಕ್ಕೂ ಉಳಿದ ಜಾಗಕ್ಕೆ ಇನ್ನೊಂದು. ಅಲ್ಲಿಗೆ ಎರಡು ನಿಜವಾದ 135 ಡಿಗ್ರಿ ಮೂಲೆಗಳು ಸಿಕ್ಕವು. ಗೋಡೆಯಿಂದ ಒಂದಡಿ ಬಿಟ್ಟರೂ ಇದಕ್ಕೆ ಹೋಗುವ ಜಾಗ 50-55 ಚದರಡಿ ಅಷ್ಟೇ. ಮಿಕ್ಕ ಸುಮಾರು 545 ಚದರಡಿ ಪೂರ್ತಿ ಮ್ಯಾಟ್. ಎರಡು ಜೋಡಿ ಜಾಲರಿಯಲ್ಲಿ ಕೆಲಸ ಮಾಡುವಾಗ ಮೂರ್ನಾಲ್ಕು ಜೋಡಿ ಬಯಲಲ್ಲಿ ಆಡಬಹುದು. ಜಾಲರಿಗೂ ಗೋಡೆಗೂ ನಡುವೆ ಬಿಟ್ಟ ಆ ಒಂದಡಿಯನ್ನು ಮಾತ್ರ ಯಾರೂ ಮುಟ್ಟಬಾರದು. ಚಿಕ್ಕ ಜಾಗದಲ್ಲಿ ಎಲ್ಲರೂ ಮೊದಲು ಕದಿಯುವುದು ಅದನ್ನೇ.

ಯಾಕೆ ಅಂತ ಲೆಕ್ಕ ಹಾಕಿ. 75 ಕೆಜಿಯ ಒಬ್ಬ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳಿಸಿಕೊಂಡು ಹೋಗಿ ಜಾಲರಿಗೆ ಬಡಿಯುತ್ತಾನೆ. ಅವನ ಚಲನಶಕ್ತಿ ಸುಮಾರು 340 ಜೂಲ್. ಇದು ಎಲ್ಲಾದರೂ ಕರಗಬೇಕು. ಜಾಲರಿ 20 ಸೆಂಟಿಮೀಟರ್ ಹಿಂದಕ್ಕೆ ಬಾಗಿ ನಿಲ್ಲಿಸಿದರೆ ಬೆನ್ನಿನ ಮೇಲೆ ಬೀಳುವ ಸರಾಸರಿ ಬಲ ಹತ್ತಿರಹತ್ತಿರ 170 ಕೆಜಿ ತೂಕದಷ್ಟು. ಹಿಂದೆ ಗೋಡೆ ಇದ್ದು 2 ಸೆಂಟಿಮೀಟರ್‌ನಲ್ಲೇ ನಿಲ್ಲಬೇಕಾಗಿ ಬಂದರೆ ಅದೇ ಬಲ 1.7 ಟನ್ ಆಗುತ್ತದೆ. ಅದೇ ಮನುಷ್ಯ, ಅದೇ ವೇಗ.

ಹಾಗಂತ ಜಾಲರಿಯನ್ನು ಸಡಿಲ ಬಿಡುವಂತಿಲ್ಲ, ಸಿಕ್ಕಾಪಟ್ಟೆ ಬಿಗಿ ಎಳೆಯುವಂತೆಯೂ ಇಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿಯಾಗಿ ಕಟ್ಟಿದಷ್ಟೂ ಒಂದು ಒದ್ದೆ ಬೆಡ್‌ಶೀಟ್‌ಗೇ ಗೋಡೆಯ ಮೊಳೆ ಕಿತ್ತು ಬರುವುದನ್ನು ನೋಡಿರುತ್ತೀರಿ, ಇಲ್ಲೂ ಅದೇ ಕಥೆ. 12 ಅಡಿ ಉದ್ದದ ಬಿಗಿದ ದಾರದ ನಡುವೆ 170 ಕೆಜಿ ಭಾರ ಬಿದ್ದು ದಾರ 20 ಸೆಂಟಿಮೀಟರ್ ಬಾಗಿದರೆ, ದಾರದೊಳಗಿನ ಎಳೆತ ಸುಮಾರು 780 ಕೆಜಿ. ನಾಲ್ಕೂವರೆ ಪಟ್ಟು. ಜಾಲರಿಯಲ್ಲಿ ಅದು ಎಷ್ಟೋ ತಂತಿಗಳಿಗೆ ಹಂಚಿಹೋಗುತ್ತದೆ, ಆದರೆ ಕಡೆಗೆ ಹೋಗಿ ಸೇರುವುದು ಕಂಬಗಳಿಗೇ. ಪೂರ್ತಿ ಅಷ್ಟಭುಜದಲ್ಲಿ ಒಂದು ಬದಿಯ ಎಳೆತವನ್ನು ಪಕ್ಕದ ಬದಿ ಹಿಡಿದುಕೊಳ್ಳುತ್ತದೆ, ಮೇಲಿನ ಪೈಪ್‌ಗಳ ಉಂಗುರ ಕಂಬಗಳನ್ನು ಒಳಕ್ಕೆ ಬೀಳದಂತೆ ತಡೆಯುತ್ತದೆ. ನಮ್ಮ ಅರ್ಧ ಕೇಜ್‌ಗೆ ಆ ಅನುಕೂಲ ಇಲ್ಲ. ತುದಿಯ ಎರಡು ಕಂಬಗಳು ಒಬ್ಬಂಟಿ. ಆದ್ದರಿಂದ ಅವುಗಳನ್ನು ಬುಡದಲ್ಲಿ ಬೋಲ್ಟ್ ಹಾಕಿ ಬಿಟ್ಟರೆ ಸಾಲದು, ಮೇಲೆಯೂ ಗೋಡೆಗೋ ಕಾಂಕ್ರೀಟ್ ಪಿಲ್ಲರ್‌ಗೋ ಕಟ್ಟಬೇಕು. ಇಟ್ಟಿಗೆ ಗೋಡೆಗೆ ರಾಲ್‌ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಒಂದೆರಡು ತಿಂಗಳಲ್ಲಿ ಕಿತ್ತು ಕೈಗೆ ಬರುತ್ತದೆ. ಕಂಬಗಳಿಗೆ ಸುತ್ತಲೂ ಪ್ಯಾಡ್ ಕಟ್ಟುವುದನ್ನು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ವೆಲ್ಡಿಂಗ್ ಶಾಪ್‌ನವರು ಇಲ್ಲಿ ಒಂದು ಸಲಹೆ ಕೊಡುತ್ತಾರೆ: 'ವೆಲ್ಡ್ ಮೆಶ್ ಹಾಕಿಸಿ ಸಾರ್, ಸಪಾಟಾಗಿರುತ್ತೆ.' ಬೇಡ ಅನ್ನಿ. ವೆಲ್ಡ್ ಮೆಶ್‌ನಲ್ಲಿ ತಂತಿಗಳು ಒಂದಕ್ಕೊಂದು ಅಂಟಿರುತ್ತವೆ, ಹೊಡೆತ ಬಿದ್ದಾಗ ಬಾಗುವುದಕ್ಕೆ ದಾರಿ ಇಲ್ಲದೆ ಬೆಸುಗೆ ಬಿಡುತ್ತದೆ, ಬಿಟ್ಟ ತುದಿ ಮೈ ಸೀಳುತ್ತದೆ. ಕಾಂಪೌಂಡಿಗೆ ಹಾಕುವ ಚೈನ್ ಲಿಂಕ್ ಜಾಲರಿಯಲ್ಲಿ ಪ್ರತಿ ತಂತಿಯೂ ಅಂಕುಡೊಂಕಾಗಿ ಪಕ್ಕದ್ದರೊಳಗೆ ಹೆಣೆದುಕೊಂಡಿರುತ್ತದೆ. ಒತ್ತಿದಾಗ ಡೊಂಕು ಸ್ವಲ್ಪ ನೇರವಾಗುತ್ತದೆ, ಪಕ್ಕದ ತಂತಿಯ ಮೇಲೆ ಜಾರುತ್ತದೆ, ಭಾರ ಹರಡುತ್ತದೆ. ಬೇಕಾಗಿರುವುದು ಅದೇ. ಪ್ಲಾಸ್ಟಿಕ್ ಲೇಪನ ಇರುವುದನ್ನೇ ತರಬೇಕು. ಮೇಲಿನ ತುದಿಗಳು ಮಡಚಿದ್ದಿರಬೇಕು, ಮುಳ್ಳಿನ ಹಾಗೆ ತಿರುಚಿ ಬಿಟ್ಟಿದ್ದಲ್ಲ. ಕೆಳಗೆ ಜಾಲರಿ ಮ್ಯಾಟ್‌ಗೆ ಸೇರುವ ಸಂದಿಯನ್ನು ಪ್ಯಾಡ್‌ನಿಂದ ಮುಚ್ಚಬೇಕು, ಕಾಲ್ಬೆರಳು ಸಿಕ್ಕಿಕೊಳ್ಳುವುದು ಅಲ್ಲಿಯೇ.

ಈಗ ನೆಲ. ಬಿದ್ದಾಗ ಎಷ್ಟು ಪೆಟ್ಟು ಅನ್ನುವುದಕ್ಕೆ ಒಂದು ಸುಲಭ ಸೂತ್ರ ಇದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಒಂದೂವರೆ ಮೀಟರ್ ಎತ್ತರದಿಂದ ತಲೆ ಕೆಳಗೆ ಬಂದು, 4 ಸೆಂಟಿಮೀಟರ್ ಮ್ಯಾಟ್ ಅರ್ಧದಷ್ಟು ತಗ್ಗಿತು ಅಂದರೆ ನಿಲ್ಲುವ ದೂರ 2 ಸೆಂಟಿಮೀಟರ್. ಸರಾಸರಿಯಲ್ಲೇ ಗುರುತ್ವದ 75 ಪಟ್ಟು. ಮ್ಯಾಟ್ ಕೆಳಗೆ ಫೋಮ್ ತುಂಡುಗಳ ಮೇಲೆ ಪ್ಲೈವುಡ್ ಹಾಸಿ ಇನ್ನೆರಡು ಸೆಂಟಿಮೀಟರ್ ಕೊಟ್ಟರೆ ಅದು ಅರ್ಧಕ್ಕೆ ಇಳಿಯುತ್ತದೆ. ಬರೀ ಮೆತ್ತನೆ ಮ್ಯಾಟ್ ದಪ್ಪ ಹಾಕಿದರೆ ಆಗಲ್ವಾ ಅಂದರೆ, ಪಾದ ಹೂತು ಮಂಡಿ ತಿರುಚುತ್ತದೆ. ಮೇಲೆ ಗಟ್ಟಿ, ಕೆಳಗೆ ಸ್ಪ್ರಿಂಗ್ ಇರಬೇಕು.

ನಮ್ಮ ಗರಡಿ ಮನೆಗಳು ಇದನ್ನು ಮಣ್ಣಿನಲ್ಲೇ ಸಾಧಿಸಿದ್ದವು. ಮಟ್ಟಿಯ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ ಬೆರೆಸಿ, ಪೈಲ್ವಾನರು ಅದನ್ನು ಅಗೆದು ಸಡಿಲ ಮಾಡಿಯೇ ಇಳಿಯುವುದು. ಸಡಿಲ ಮಣ್ಣಿನ ಕಣಗಳು ಒಂದರ ಮೇಲೊಂದು ಜಾರಿ ಉಜ್ಜಿಕೊಂಡು ಪೆಟ್ಟಿನ ಶಕ್ತಿಯನ್ನು ನುಂಗಿಬಿಡುತ್ತವೆ, ಫೋಮ್ ಹಾಗೆ ವಾಪಸ್ ಪುಟಿಸುವುದಿಲ್ಲ. ಇನ್ನೊಂದು ವಿಷಯ ನನಗೆ ಇಷ್ಟ. ಮೈಸೂರಿನ ಗಲ್ಲಿಗಳ ಗರಡಿ ಮನೆ ಯಾವತ್ತೂ ದಸರಾ ಕುಸ್ತಿಯ ದೊಡ್ಡಕೆರೆ ಮೈದಾನದ ಪುಟ್ಟ ನಕಲಾಗಲು ಹೋಗಲಿಲ್ಲ. ಅಖಾಡ ಅಲ್ಲಿ, ಸಾಧನೆ ಇಲ್ಲಿ. ಸಾಧನೆಗೆ ಬೇಕಾದ ಮಟ್ಟಿ, ಗದೆ, ಸಾಮು ಮಾಡುವಷ್ಟು ಜಾಗ ಇದ್ದರೆ ಮುಗಿಯಿತು.

ಮಹಡಿ ಮೇಲೆ ಜಿಮ್ ಮಾಡುವವರಿಗೆ ಒಂದು ಎಚ್ಚರಿಕೆ. ಭಾರತೀಯ ಮಾನಕದ ಪ್ರಕಾರ ಮನೆಯ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಓಡಾಟದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಜನ ಗುಂಪಾಗಿ ಸೇರುವ, ಕುರ್ಚಿ ಜೋಡಿಸದ ಹಾಲ್‌ಗಳಿಗೆ 500. ಹನ್ನೆರಡು ಜನ ಒಟ್ಟಿಗೆ ಹಾರಿ ಬೀಳುವುದು ಎರಡನೇ ಗುಂಪಿನ ಕೆಲಸ. ಮನೆಗೆಂದು ಕಟ್ಟಿದ ಮಹಡಿಯಾದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ಮ್ಯಾಟ್ ಹಾಸಬೇಡಿ.

ಎತ್ತರವನ್ನೂ ನೋಡಿಕೊಳ್ಳಿ. ಟಿವಿಯ ಕೇಜ್ ಕಟ್ಟೆಯ ಮೇಲೆ ಇರುವುದು ಪ್ರೇಕ್ಷಕರಿಗೆ, ಕ್ಯಾಮೆರಾಗಳಿಗೆ ಕಾಣಲಿ ಅಂತ. ತರಬೇತಿಗೆ ಅದು ಸುಮ್ನೆ ದಂಡ. ಹತ್ತಡಿ ಎತ್ತರದ ಕೋಣೆಯಲ್ಲಿ ನೆಲವನ್ನು ಎರಡಡಿ ಏರಿಸಿ, ಮೇಲಿಂದ ಸೀಲಿಂಗ್ ಫ್ಯಾನ್ ಒಂದಡಿ ಇಳಿದರೆ ಉಳಿಯುವುದು ಏಳಡಿ. ಹೆಗಲ ಮೇಲೆ ಎತ್ತಿದವನ ತಲೆ ಎಲ್ಲಿರುತ್ತದೆ ಅಂತ ಯೋಚಿಸಿ. ಫ್ಯಾನ್ ಗೋಡೆಗೆ ಹೋಗಲಿ.

ಬೇಸ್‌ಮೆಂಟ್‌ನವರ ತಲೆನೋವು ಬೇರೆ, ಗಾಳಿ. ಜೋರಾಗಿ ಆಡುವವನು ನಿಮಿಷಕ್ಕೆ ಸುಮಾರು 2 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಹನ್ನೆರಡು ಜನ ಒಂದು ಗಂಟೆ ಅಂದರೆ 1,440 ಲೀಟರ್. ನಮ್ಮ ಹಾಲ್ ಹತ್ತಡಿ ಎತ್ತರ ಇದ್ದರೆ ಅದರಲ್ಲಿರುವ ಒಟ್ಟು ಗಾಳಿ ಸುಮಾರು 1,70,000 ಲೀಟರ್. ಕಿಟಕಿ ಮುಚ್ಚಿದ್ದರೆ ಗಂಟೆಯ ಕೊನೆಗೆ ಶೇ. 0.85ರ ಹತ್ತಿರ. ಹೊರಗಿನ ಗಾಳಿಯಲ್ಲಿ ಇರುವುದು ಶೇ. 0.04. ಅರ್ಧ ಹೊತ್ತು ಕೂತು ಸುಧಾರಿಸಿಕೊಂಡರು ಅಂದರೂ ಹತ್ತು ಪಟ್ಟು. ಎಸಿ ಇದನ್ನು ಸರಿ ಮಾಡುವುದಿಲ್ಲ, ಮಾಮೂಲಿ ಸ್ಪ್ಲಿಟ್ ಎಸಿ ಅದೇ ಗಾಳಿಯನ್ನು ತಣ್ಣಗೆ ಮಾಡಿ ವಾಪಸ್ ಕೊಡುತ್ತದೆ. ಒಂದು ಕಡೆ ಎಕ್ಸಾಸ್ಟ್, ಎದುರು ಕಡೆ ಹೊರಗಿನ ಗಾಳಿ ಬರಲು ದಾರಿ, ಎರಡೂ ಬೇಕು. ಬೆವರಿನ ತೇವ ಹೋಗುವುದಕ್ಕೂ ಅದೇ ದಾರಿ. ಮ್ಯಾಟ್ ಜೋಡಿಸಿದ ಸಂದಿಗಳಲ್ಲಿ ತೇವ ನಿಂತರೆ ಗಜಕರ್ಣ ಒಬ್ಬರಿಂದ ಇಡೀ ಬ್ಯಾಚ್‌ಗೆ ಹಬ್ಬುತ್ತದೆ. ಪಝಲ್ ಥರ ಹಲ್ಲು ಕೂರಿಸುವ ಮ್ಯಾಟ್‌ಗಿಂತ, ಮೇಲೆ ಒಂದೇ ಹಾಳೆಯಾಗಿ ವಿನೈಲ್ ಹೊದಿಸಿದ ನೆಲ ಒರೆಸುವುದಕ್ಕೆ ಎಷ್ಟೋ ವಾಸಿ.

ಅರ್ಧ ಕೇಜ್ ಎಲ್ಲದಕ್ಕೂ ಸಾಲುವುದಿಲ್ಲ. ಪಂದ್ಯ ಹತ್ತಿರ ಬಂದವರಿಗೆ ನಾಲ್ಕೂ ಕಡೆ ಮುಚ್ಚಿದ, ಓಡಿಹೋಗಲು ನಿಜವಾಗಿ ಜಾಗ ಇರುವ ಕೇಜ್ ಬೇಕೇ ಬೇಕು. 25 ಅಡಿಯದಕ್ಕೆ ಸುತ್ತಲಿನ ದಾರಿ ಸೇರಿ 30×30 ಶೆಡ್ ಬೇಕಾಗುತ್ತದೆ, ಒಂದು ಚಿಕ್ಕ ಜಿಮ್‌ನ ಕೈಯಲ್ಲಿ ಆಗುವ ಮಾತಲ್ಲ. ಮೂರ್ನಾಲ್ಕು ಜಿಮ್‌ನವರು ಸೇರಿ ಊರ ಹೊರಗೆ ಒಂದು ಶೆಡ್ ಹಿಡಿದು, ವಾರಕ್ಕೆ ಒಂದೊಂದು ದಿನ ಹಂಚಿಕೊಂಡರೆ ಆಗುತ್ತದೆ. ಅಲ್ಲಿ ಸ್ಪಾರಿಂಗ್, ಇಲ್ಲಿ ದಿನದ ಕಲಿಕೆ.