ಮಳೆಗೆ ಬೀಳುವ ಇಎಲ್‌ಸಿಬಿಯನ್ನು ತೆಗೆಸಬೇಡಿ

ಜೂನಿನ ಮಳೆ ಹಿಡಿದು ಎರಡು ವಾರವಾದರೆ ಸಾಕು, ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಇಎಲ್‌ಸಿಬಿಯ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚಿನ) ಮೇಲೆ ಒಂದೇ ದೂರು: "ಇಎಲ್‌ಸಿಬಿ ಎತ್ತಿದ ಕೂಡಲೇ ಬೀಳ್ತದೆ. ಅದನ್ನು ತೆಗೆದು ಡೈರೆಕ್ಟ್ ಕೊಡಿ ಮಾರಾಯ್ರೆ, ಎಂಸಿಬಿ ಹೇಗೂ ಉಂಟಲ್ಲ." ಡೈರೆಕ್ಟ್ ಕೊಡಲು ಐದು ನಿಮಿಷ ಸಾಕು. ದಯವಿಟ್ಟು ಯಾರ ಕೈಯಲ್ಲೂ ಅದನ್ನು ಮಾಡಿಸಬೇಡಿ.

ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು, ಇರುವುದು ವಯರು ಸುಡದಿರಲಿ ಎಂದು. ಮನುಷ್ಯನನ್ನು ಉಳಿಸುವುದು ಅದರ ಕೆಲಸವಲ್ಲ. ಒದ್ದೆ ಕೈಯಲ್ಲಿ ಲೈನು ಮುಟ್ಟಿದವನ ಮೈಯ ತಡೆ ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಅವನ ಮೈಯಲ್ಲಿ ಹರಿಯುವುದು 230 ಮಿಲಿಆಂಪಿಯರ್. 60 ವಾಟಿನ ಹಳೆ ಬಲ್ಬಿಗೂ ಇದಕ್ಕಿಂತ ಹೆಚ್ಚು ಬೇಕು. ಜೀವ ಹೋಗಲು ಅದು ಧಾರಾಳ ಸಾಕು. 6 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

"ಅರ್ತಿಂಗ್ ಉಂಟು" ಎಂಬ ಧೈರ್ಯವೂ ನಮ್ಮ ಮುರಕಲ್ಲಿನ ನೆಲದಲ್ಲಿ ಸಾಲದು. ಅರ್ತಿನ ತಡೆ 20 ಓಮ್ ಇದ್ದರೆ, ಗೀಸರಿನ ಮೈಗೆ ಲೈನು ತಾಗಿದಾಗ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ, ನಳ್ಳಿ ಮುಟ್ಟಿದರೆ ಶಾಕ್. ಇಎಲ್‌ಸಿಬಿ (ಈಗ ಅಂಗಡಿಯಲ್ಲಿ ಕೊಡುವುದು ಆರ್‌ಸಿಸಿಬಿ, ಬಾಯಿಯಲ್ಲಿ ಹಳೆ ಹೆಸರೇ ಉಳಿದಿದೆ) ನೋಡುವುದು ಬೇರೆಯೇ ಲೆಕ್ಕ: ಲೈನಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸು ಬಂತೇ? 30 ಮಿಲಿಆಂಪಿಯರ್ ಕಡಿಮೆ ಬಂದರೆ ಬೀಳುತ್ತದೆ. ಅದು ಬಿತ್ತೆಂದರೆ ಕರೆಂಟು ಎಲ್ಲೋ ಸೋರುತ್ತಿದೆ ಎಂದು ಹಿಡಿದೇ ಹುಡುಕಬೇಕು.

ಮೊದಲು ಎಂಸಿಬಿ ಎಲ್ಲ ಇಳಿಸಿ ಇಎಲ್‌ಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಬನ್ನಿ, ಯಾವುದಕ್ಕೆ ಬೀಳುತ್ತದೋ ದೋಷ ಹೆಚ್ಚಾಗಿ ಅಲ್ಲಿ. ಎಲ್ಲ ಇಳಿಸಿದರೂ ಬಿದ್ದರೆ "ಇಎಲ್‌ಸಿಬಿಯೇ ಹಾಳು" ಎಂದು ಹೊಸತು ತರುತ್ತಾರೆ. ಹೆಚ್ಚಿನ ಸಲ ಹೊಸತೂ ಬೀಳುತ್ತದೆ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಲೈನನ್ನು ಮಾತ್ರ, ನ್ಯೂಟ್ರಲ್ ಹಾಗೇ ಜೋಡಿಕೊಂಡಿರುತ್ತದೆ. ಗೇಟಿನ ದೀಪದೊಳಗೆ ನೀರು ನಿಂತು ನ್ಯೂಟ್ರಲ್ ಅರ್ತಿಗೆ ತಾಗಿರಬಹುದು. ಆಗ ಎಂಸಿಬಿ ಇಳಿಸಿದರೂ ಬೀಳಬಹುದು. ಎಲ್ಲ ಎತ್ತಿದಾಗ ನಿಂತರೂ, ಒಳಗೆ ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ವಾಪಸು ಬರುವ ಕರೆಂಟಿನ ಒಂದು ಪಾಲು ಗೇಟಿನ ಬಳಿ ಅರ್ತಿಗೆ ಹೋಗಿ ಇಎಲ್‌ಸಿಬಿ ಬೀಳುತ್ತದೆ, ಬೈಗಳು ಇಸ್ತ್ರಿಪೆಟ್ಟಿಗೆಗೆ. ಇಲ್ಲಿಂದ ಮುಂದಿನದು ಲೈಸೆನ್ಸ್ ಇರುವ ವಯರ್‌ಮನ್ ಕೆಲಸ: ಮೈನ್ ಆಫ್ ಮಾಡಿ, ಉಪಕರಣಗಳ ಪ್ಲಗ್ ಕಳಚಿ, ನ್ಯೂಟ್ರಲ್ ಲಿಂಕಿನಿಂದ (ನ್ಯೂಟ್ರಲ್ ವಯರುಗಳೆಲ್ಲ ಸೇರುವ ಪಟ್ಟಿ) ವಯರುಗಳನ್ನು ಒಂದೊಂದಾಗಿ ಬಿಚ್ಚಿ, 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಶನ್ ತಡೆ ಅಳೆಯುವ ಮೀಟರು) ಅರ್ತಿಗೆ ಅಳೆಯಬೇಕು. 1 ಮೆಗಾಓಮಿಗಿಂತ ಕಡಿಮೆ ತೋರಿಸಿದ್ದು ಕಳ್ಳ. ಅದು ಸಾಮಾನ್ಯವಾಗಿ ಟೇಪು ಸುತ್ತಿದ ಪಂಪಿನ ಕೇಬಲ್ ಜಾಯಿಂಟು, ಗೀಸರಿನ ಕಾಯಿಲ್, ಇಲ್ಲವೇ ದನದ ಹಟ್ಟಿಯ, ಇರುವೆ ಗೂಡು ಕಟ್ಟಿದ ಸ್ವಿಚ್‌ಬೋರ್ಡು.

ಇನ್ವರ್ಟರ್ ಕೂರಿಸಿದ ಮರುದಿನದಿಂದ ಬೀಳತೊಡಗಿದ್ದಾದರೆ ಮೊದಲು ಇನ್ವರ್ಟರಿನ ನ್ಯೂಟ್ರಲ್ ನೋಡಿ. ಲೈನು ಇಎಲ್‌ಸಿಬಿಯ ಮೂಲಕ ಹೋಗಿ, ನ್ಯೂಟ್ರಲ್ ಅದರ ಹಿಂದಿನ ಕಡೆಗೆ ಸೇರಿದ್ದರೆ ನಿಲ್ಲುವುದು ಸಾಧ್ಯವೇ ಇಲ್ಲ.

ಹೇಗೂ ಹಳೆ ಡಿಬಿ (ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆ) ಬದಲಿಸುವುದಾದರೆ ಪಂಪು, ಅಂಗಳ, ಹಟ್ಟಿಗೆ ಒಂದು, ಮನೆಯೊಳಗಿಗೆ ಇನ್ನೊಂದು, ಹೀಗೆ 30 ಮಿಲಿಆಂಪಿಯರಿನ ಎರಡು ಆರ್‌ಸಿಸಿಬಿ ಹಾಕಿಸಿ. ಗೇಟಿನ ದೀಪಕ್ಕೆ ನೀರು ಹೋದರೆ ಫ್ರಿಜ್ ಆದರೂ ನಡೆಯುತ್ತದೆ. ಎರಡಕ್ಕೂ ಬೇರೆ ಬೇರೆ ನ್ಯೂಟ್ರಲ್ ಲಿಂಕ್ ಬೇಕೇ ಬೇಕು, ಬೆರೆತರೆ ಎರಡೂ ಬೀಳುತ್ತವೆ. ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲ. ಹಾಗಾಗಿ 40 ಆಂಪಿಯರಿನದ್ದಾದರೆ ಅದರ ಮುಂಚಿನ ಎಂಸಿಬಿ 40 ಮೀರಬಾರದು. "100 ಮಿಲಿಆಂಪಿಯರಿನದು ಹಾಕಿ, ಬೀಳುವುದಿಲ್ಲ" ಎನ್ನುವವರ ಮಾತು ಕೇಳಬೇಡಿ. ಬೀಳದಿರಬಹುದು, ಆದರೆ ಜೀವ ಕಾಯುವ ಲೆಕ್ಕಕ್ಕೆ ಅದು ಬಾರದು. ಮೀಟರ್ ಮತ್ತು ಅದರ ಸೀಲು ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯದ್ದು, ಮುಟ್ಟಬಾರದು.

30 ಮಿಲಿಆಂಪಿಯರಿನದಕ್ಕೂ ಮಿತಿ ಉಂಟು. ಒಂದು ಕೈಯಲ್ಲಿ ಲೈನು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಬಲ್ಬು ಎಂದೇ ತಿಳಿಯುತ್ತದೆ. ತಿಂಗಳಿಗೊಮ್ಮೆ ಟಿ ಎಂದು ಬರೆದ ಗುಂಡಿ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದೇ ದಿನ ಬದಲಿಸಿ. ಬಿದ್ದರೆ ಇಎಲ್‌ಸಿಬಿ ಸರಿ ಇದೆ ಎಂದಷ್ಟೇ ಅರ್ಥ. ಅರ್ತಿಂಗನ್ನು ಬೇರೆಯೇ ಅಳೆಯಿಸಬೇಕು, ಅದೂ ಮುರಕಲ್ಲು ಪೂರ್ತಿ ಒಣಗಿರುವ ಏಪ್ರಿಲ್‌ನಲ್ಲಿ.