ಜಗ್ಗುವ ಕುದುರೆಗೆ ಎಂಥ ಕಡಿವಾಣ?

ಗೋಳಗುಮ್ಮಟದ ಮುಂದಿನ ಟಾಂಗಾ ಕುದುರೆಯಾಗಲಿ, ಜಾತ್ರೆಯ ಗಾಡಿ ಶರ್ಯತ್ತಿನ ಕುದುರೆಯಾಗಲಿ, ಜೋರು ಮಾಡಿದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು ‘ಇನ್ನೂ ಖಡಕ್ ಕಡಿವಾಣ ಹಾಕ್ರಿ’ ಎಂಬುದೇ. ಮುಳ್ಳು, ಗಂಟುಗಳಿರುವ ಕಡಿವಾಣವನ್ನು 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ತಂಡದ ಚಿನ್ನ ತಂದ, ಕುದುರೆಯ ಪಳಗಿದ ನಡೆಗಳ ಸ್ಪರ್ಧೆಯಾದ ಡ್ರೆಸ್ಸಾಜ್‌ನ ನಿಯಮ ಇನ್ನೂ ಬಿಗಿ: ಎಳೆತದ ಬಲ ಹೆಚ್ಚಿಸುವ ಪೆಲ್ಹಮ್, ಗ್ಯಾಗ್ ಎಂಬ ಬಗೆಗಳು, ತಿರುಚಿದ ತಂತಿಯ ಕಡಿವಾಣ ಯಾವುದಕ್ಕೂ ಅನುಮತಿಯಿಲ್ಲ. ಸೊಕ್ಕಿದ ಕುದುರೆಯ ಸವಾರನಿಗೆ ಇದರಿಂದ ನಷ್ಟವೇನಿಲ್ಲ. ಏಕೆ ಎಂಬುದು ಕುದುರೆಯ ತುಟಿ ಎತ್ತಿ ನೋಡಿದರೆ ತಿಳಿಯುತ್ತದೆ.

ಮುಂಬಾಚಿ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಬಯಲಿದೆ. ಕಡಿವಾಣ ಕೂರುವುದು ಅಲ್ಲೇ. ಅಲ್ಲಿ ದವಡೆ ಮೂಳೆಯ ಅಂಚು ಸಣ್ಣದು, ಅದರ ಮೇಲಿನ ಚರ್ಮ ತೆಳುವು. ನಡುವಿನ ನಾಲಿಗೆಯಾದರೋ ದಪ್ಪ, ಬಾಯಿ ಮುಚ್ಚಿದಾಗ ಜಾಗವನ್ನೆಲ್ಲ ಅದೇ ತುಂಬಿಕೊಂಡಿರುತ್ತದೆ. ಇಂಥ ಜಾಗದಲ್ಲಿ ನೋವು ಹೆಚ್ಚಿಸಿದರೆ ಕುದುರೆ ನಿಲ್ಲುವುದಿಲ್ಲ, ನೋವಿನಿಂದ ಓಡುತ್ತದೆ. ಅಲ್ಲದೆ ನಾವು ಬಿಡದೆ ಎಳೆದರೆ ಅದೂ ಬಿಡದೆ ಜಗ್ಗುತ್ತದೆ. ಆ ಹಗ್ಗಜಗ್ಗಾಟದಲ್ಲಿ 500 ಕೆಜಿ ತೂಕದ ಪ್ರಾಣಿಯೇ ಗೆಲ್ಲುವುದು. ಕುದುರೆ ಕಲಿಯುವುದು ಒತ್ತಡ ಸಡಿಲವಾದ ಕ್ಷಣದಲ್ಲಿ. ಹಾಗಾಗಿ ಒತ್ತಡ ಹರಡಿ ಬೀಳಬೇಕು, ಕೈ ಸಡಿಲಿಸಿದ ಕೂಡಲೇ ಪೂರ್ತಿ ಹೋಗಬೇಕು. ಆಯ್ಕೆಗೆ ಇದೇ ಅಳತೆಗೋಲು.

ಕಡಿವಾಣ ಕೊಳ್ಳುವ ಮೊದಲು ಪಶುವೈದ್ಯರಿಂದ ಹಲ್ಲು ನೋಡಿಸಿ. ದವಡೆ ಹಲ್ಲಿನ ಚೂಪಾದ ಅಂಚು ಕೆನ್ನೆ ಕೊಯ್ಯುತ್ತಿರಬಹುದು. ದವಡೆ ಹಲ್ಲಿನ ಮುಂದೆ ಮೊಳೆಯುವ ‘ವುಲ್ಫ್ ಟೂತ್’ ಎಂಬ ಚಿಕ್ಕ ಹಲ್ಲಿಗೆ ಕಬ್ಬಿಣ ಬಡಿಯುತ್ತಿರಬಹುದು. ಜೀನು ಬೆನ್ನಿಗೆ ಒತ್ತುತ್ತಿದೆಯೇ, ದುಡಿಮೆ ಕಡಿಮೆಯಾದರೂ ಕಾಳಿನ ಪ್ರಮಾಣ ಹಾಗೇ ಉಳಿದಿದೆಯೇ ಎಂಬುದನ್ನೂ ನೋಡಿ.

ಇನ್ನು ಅಳತೆ. ನುಣುಪಾದ ಕಡ್ಡಿಯೊಂದನ್ನು ಬಾಯಲ್ಲಿ ಅಡ್ಡ ಇಟ್ಟು ಎರಡೂ ತುಟಿಮೂಲೆಗೆ ಗುರುತು ಹಾಕಿ. ಗುರುತುಗಳ ನಡುವೆ 125 ಮಿಮೀ ಇದ್ದರೆ, ಉಂಗುರ ಸಡಿಲವಾಗಿ ತಿರುಗುವ, ಲಗಾಮನ್ನು ನೇರ ಉಂಗುರಕ್ಕೇ ಕಟ್ಟುವ ಸಾದಾ ಕಡಿವಾಣವಾದ ಸ್ನಾಫಲ್‌ಗೆ ಪಕ್ಕಕ್ಕೆ 5 ಮಿಮೀಯಂತೆ ಸೇರಿಸಿ 135 ಮಿಮೀ ತನ್ನಿ. ಉಂಗುರ ಕದಲದ ಬಗೆಗೆ ಪಕ್ಕಕ್ಕೆ 2-3 ಮಿಮೀ ಸಾಕು. ಉದ್ದ ಹೆಚ್ಚಾದರೆ ಕಡಿವಾಣದ ಕೀಲು ನಡುವಿನಿಂದ ಸರಿದು ಒಂದೇ ಬದಿಯ ಮೂಳೆ ಒತ್ತುತ್ತದೆ. ಕಡಿಮೆಯಾದರೆ ಉಂಗುರ ತುಟಿಮೂಲೆ ಚಿವುಟುತ್ತದೆ. ಕಡಿವಾಣದ ದಪ್ಪ, ಡ್ರೆಸ್ಸಾಜ್‌ನ ಅಂತಾರಾಷ್ಟ್ರೀಯ ನಿಯಮದಂತೆ, ಉಂಗುರದ ಪಕ್ಕದಲ್ಲಿ ಅಳೆದಾಗ ಕನಿಷ್ಠ 14 ಮಿಮೀ. ದಪ್ಪ ಇದ್ದಷ್ಟೂ ಮೆತ್ತಗೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ನಾಲಿಗೆ ದಪ್ಪ, ಬಾಯಿ ಚಿಕ್ಕದು ಎಂದಾದರೆ 18 ಮಿಮೀ ಕಬ್ಬಿಣಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ, ಕುದುರೆ ಬಾಯಿ ತೆರೆಯಲೇಬೇಕಾಗುತ್ತದೆ.

ಒಂದೇ ಕೀಲಿನ ಸ್ನಾಫಲ್ ಎಳೆದಾಗ ಅಡಕತ್ತರಿಯ ಹಾಗೆ ಮಡಚಿಕೊಂಡು ಎರಡೂ ಬದಿಯ ಮೂಳೆಗೆ ಒತ್ತುತ್ತದೆ. ನಡುವೆ ದುಂಡನೆಯ, ಬಟಾಣಿ ಕಾಳಿನಾಕಾರದ ತುಂಡಿರುವ ಎರಡು ಕೀಲಿನದು ನಾಲಿಗೆಯ ಉಬ್ಬಿಗೆ ಹೊಂದಿ ಬಾಗುತ್ತದೆ. ಜೋರಿನ ಕುದುರೆಗೆ ನಾವು ಮೊದಲು ಹಾಕಿ ನೋಡುವುದು ಇದನ್ನೇ. ಲಗಾಮಿನ ಮೇಲೆ ಭಾರ ಹಾಕಿ ಒರಗುವ ಕುದುರೆಗೆ ಸಡಿಲ ಉಂಗುರ ಒಳ್ಳೆಯದು. ಸದಾ ಕದಲುವ ಕಬ್ಬಿಣದ ಮೇಲೆ ಒರಗುವುದು ಕಷ್ಟ. ತಲೆ ಒದರುತ್ತ ಚಡಪಡಿಸುವುದಕ್ಕೆ ಉಂಗುರ ಕದಲದ ಎಗ್‌ಬಟ್ ಅಥವಾ ಮೇಲೆ ಕೆನ್ನೆಪಟ್ಟಿಗೆ ಇನ್ನೊಂದು ಚಿಕ್ಕ ಉಂಗುರವಿರುವ ಬೋಷೆ. ಬೋಷೆ ನೆತ್ತಿ ಒತ್ತಿ ಕುದುರೆಯನ್ನು ತಗ್ಗಿಸುತ್ತದೆ ಎನ್ನುವವರಿದ್ದಾರೆ. ಆದರೆ ಅದಕ್ಕೆ ಗದ್ದದ ಸರಪಳಿಯೇ ಇಲ್ಲ, ಹಾಗಾಗಿ ಸನ್ನೆಕೋಲಿನ ಬಲವೂ ಇಲ್ಲ. ಅದರ ಗುಣ ಬಾಯಲ್ಲಿ ಅಲುಗದೆ ಕೂರುವುದಷ್ಟೇ.

ಡ್ರೆಸ್ಸಾಜ್‌ನ ಮೇಲ್ಮಟ್ಟದ ಸ್ಪರ್ಧೆಗಳಲ್ಲಿ ಬಳಸಬಹುದಾದ ಜೋಡಿ ಕಡಿವಾಣವನ್ನು (ತೆಳು ಸ್ನಾಫಲ್ ಜೊತೆಗೆ, ತೋಳು ಮತ್ತು ಗದ್ದದ ಸರಪಳಿ ಇರುವ ‘ಕರ್ಬ್’) ಬ್ರೇಕ್ ಎಂದು ಬಗೆಯಬೇಡಿ. ಅದರಲ್ಲಿನ ಕರ್ಬ್‌ನ ಮೇಲ್ತೋಳು 5 ಸೆಂಮೀ, ಕೆಳತೋಳು ನಿಯಮದ ಗರಿಷ್ಠ 10 ಸೆಂಮೀ ಇದ್ದರೆ, ಲಗಾಮಿನ 1 ಕೆಜಿ ಎಳೆತಕ್ಕೆ ಗದ್ದದ ಸರಪಳಿಯಲ್ಲಿ ಸುಮಾರು 2 ಕೆಜಿ, ಎರಡೂ ಸೇರಿ ಬಾಯೊಳಗೆ 3 ಕೆಜಿ. ಗಾಬರಿಯಾದ ಕೈಯಲ್ಲಿ ಈ ಲೆಕ್ಕ ಬಲು ಕ್ರೂರ.

ಕಡಿವಾಣವೊಂದನ್ನೇ ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಇಟ್ಟು ಎರಡು ವಾರ ನೋಡಿ. ಬೆಳಗಾವಿಯ ಚಳಿಗಾಲದ ಬೆಳಗಿನಲ್ಲಿ ಲೋಹವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಿ. ಕುದುರೆ ಬಾಯಿ ಕಳೆಯುವುದು, ನಾಲಿಗೆಯನ್ನು ಕಬ್ಬಿಣದ ಮೇಲೆ ತರುವುದು, ಹಲ್ಲು ಮಸೆಯುವುದು ಇದ್ದರೆ ಆಯ್ಕೆ ತಪ್ಪಿದೆ. ಅವನ್ನು ಮರೆಮಾಚಲು ಮೂಗುಪಟ್ಟಿ ಬಿಗಿಯಬೇಡಿ. ಮೂಗಿನ ಎಲುಬಿನ ಮೇಲೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಇಳಿದ ಮೇಲೆ ಪ್ರತಿ ಸಲ ತುಟಿಮೂಲೆ, ನಾಲಿಗೆಯ ಅಂಚು ನೋಡಿ. ಸ್ಪರ್ಧೆ ಮುಗಿದೊಡನೆ ಸ್ಟೀವರ್ಡ್ ಎಂಬ ಮೇಲ್ವಿಚಾರಕರು ಕೈಗವಸು ಹಾಕಿಕೊಂಡು ನೋಡುವುದೂ ಇದನ್ನೇ, ಬಾಯಲ್ಲಿ ಹೊಸ ರಕ್ತ ಕಂಡರೆ ಸ್ಪರ್ಧೆಯಿಂದ ಹೊರಗೆ. ಸ್ಪರ್ಧೆಗೆ ಒಯ್ಯುವ ಚೀಲದಲ್ಲಿ ಪಳಗಿದ ಕಡಿವಾಣವೇ ಇರಲಿ. ಹೊಸದನ್ನು ಅಂದು ಬೆಳಿಗ್ಗೆ ಮೊದಲ ಸಲ ಬಾಯಿಗೆ ಹಾಕಬೇಡಿ.