ಅಪವಾದವಿಲ್ಲದ ಐದು ವ್ರತಗಳು

ಯೋಗದ ಎಂಟು ಅಂಗಗಳಲ್ಲಿ ಆಸನಕ್ಕೆ ಮೂರನೆಯ ಸ್ಥಾನ. ಯಮ (ಸಂಯಮದ ವ್ರತಗಳು), ನಿಯಮ (ನಿತ್ಯದ ಶಿಸ್ತು) ಅದಕ್ಕಿಂತ ಮೊದಲು ಬರುತ್ತವೆ. ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಕೂಡಿಡದಿರುವುದು) ಎಂಬ ಐದು ಯಮಗಳು ಪತಂಜಲಿಯ ಹೊಸ ಶೋಧವೇನೂ ಅಲ್ಲ. ಯೋಗಸೂತ್ರಗಳು ರೂಪುಗೊಳ್ಳುವ ಎಷ್ಟೋ ಮೊದಲೇ ಜೈನ ಮುನಿಗಳು ಇವೇ ಐದನ್ನು ಮಹಾವ್ರತಗಳೆಂದು ಪಾಲಿಸುತ್ತಿದ್ದರು. ಮಹಾವೀರರಿಗಿಂತ ಹಿಂದಿನ ತೀರ್ಥಂಕರ ಪಾರ್ಶ್ವನಾಥರ ಪರಂಪರೆಯಲ್ಲಿ ನಾಲ್ಕಿದ್ದ ವ್ರತಗಳು ಮಹಾವೀರರ ಬೋಧನೆಯಲ್ಲಿ ಐದಾದವು ಎನ್ನುತ್ತದೆ ಜೈನ ಆಗಮವಾದ ಉತ್ತರಾಧ್ಯಯನ ಸೂತ್ರ. ಬೌದ್ಧರ ಪಂಚಶೀಲವೂ ಹತ್ತಿರದ್ದೇ. ಅಲ್ಲಿ ಅಪರಿಗ್ರಹದ ಜಾಗದಲ್ಲಿ ಮದ್ಯಪಾನದ ನಿಷೇಧವಿದೆ.

ಪತಂಜಲಿಯ ನಿಷ್ಠುರತೆ ಕಾಣುವುದು ಯೋಗಸೂತ್ರಗಳ ಎರಡನೆಯ ಭಾಗವಾದ ಸಾಧನಪಾದದ 31ನೆಯ ಸೂತ್ರದಲ್ಲಿ. ಜಾತಿ, ದೇಶ, ಕಾಲ, ಸಮಯ (ಕಟ್ಟುಪಾಡು, ಸಂದರ್ಭ) ಈ ಯಾವ ಮಿತಿಗೂ ಒಳಪಡದಿದ್ದಾಗ ಮಾತ್ರ ಯಮಗಳು ಸಾರ್ವಭೌಮ ಮಹಾವ್ರತವಾಗುತ್ತವೆ. ಯೋಗಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಇದನ್ನು ಉದಾಹರಣೆಗಳಿಂದ ಬಿಡಿಸುತ್ತದೆ. ಮೀನನ್ನು ಬಿಟ್ಟು ಬೇರೇನನ್ನೂ ಕೊಲ್ಲದ ಬೆಸ್ತ, ತೀರ್ಥಕ್ಷೇತ್ರದಲ್ಲಿ ಕೊಲ್ಲದವನು, ಚತುರ್ದಶಿಯಂದು ಕೊಲ್ಲದವನು, ದೇವರು ಮತ್ತು ಬ್ರಾಹ್ಮಣರ ಸಲುವಾಗಿಯಷ್ಟೇ ಕೊಲ್ಲುವವನು, ಯುದ್ಧದಲ್ಲಷ್ಟೇ ಕೊಲ್ಲುವ ಕ್ಷತ್ರಿಯ: ಇವರೆಲ್ಲರ ಅಹಿಂಸೆಯೂ ಅಪೂರ್ಣ. ಯಜ್ಞಬಲಿಗೂ ಕ್ಷಾತ್ರಧರ್ಮಕ್ಕೂ ಮನ್ನಣೆಯಿದ್ದ ಕಾಲದಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಇಡೀ ಯೋಗಶಾಸ್ತ್ರದಲ್ಲಿ ಇದಕ್ಕಿಂತ ದಿಟ್ಟವಾದ ಮಾತು ನನಗೆ ಕಂಡಿಲ್ಲ.

ಸಂಸಾರಿಗಳು ಇಷ್ಟನ್ನು ಪಾಲಿಸಲಾದೀತೇ? ಜೈನರು ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ (ಅವೇ ವ್ರತಗಳ ಸಡಿಲ ರೂಪ) ಎಂದು ಎರಡು ಹಂತ ಮಾಡಿದರು. ಶ್ರವಣಬೆಳಗೊಳದ ಪರಂಪರೆಯಲ್ಲಿ ಆ ವಿಂಗಡಣೆ ಇಂದಿಗೂ ಉಳಿದಿದೆ. ಪತಂಜಲಿ ಅಂಥ ಕೆಳಹಂತವನ್ನು ಹೇಳಲಿಲ್ಲ. ಶೌಚ (ಶುಚಿತ್ವ), ಸಂತೋಷ (ತೃಪ್ತಿ), ತಪಸ್ಸು, ಸ್ವಾಧ್ಯಾಯ (ಶಾಸ್ತ್ರಾಧ್ಯಯನ), ಈಶ್ವರಪ್ರಣಿಧಾನ (ದೇವರಿಗೆ ಶರಣಾಗತಿ) ಎಂಬ ನಿಯಮಗಳಿಗೆ ಮಾತ್ರ ಆತ ಸಾರ್ವಭೌಮತೆಯ ಷರತ್ತು ಹಾಕಿಲ್ಲ.

ಮುಂದೆ ಪಟ್ಟಿಗಳು ಬದಲಾದವು. ಯೋಗಯಾಜ್ಞವಲ್ಕ್ಯ ಎಂಬ ಗ್ರಂಥ ಯಮ, ನಿಯಮಗಳನ್ನು ಹತ್ತು ಹತ್ತಕ್ಕೆ ಏರಿಸಿತು. ದಯೆ, ಕ್ಷಮೆ, ಮಿತಾಹಾರಗಳು ಯಮಗಳ ಸಾಲಿಗೆ ಬಂದವು, ಅಪರಿಗ್ರಹ ಬಿದ್ದುಹೋಯಿತು. ಇದು ಸಣ್ಣ ನಷ್ಟವಲ್ಲ. 15ನೆಯ ಶತಮಾನದ ಹಠಯೋಗಪ್ರದೀಪಿಕೆಯ ಹೊತ್ತಿಗೆ ಆಸನವೇ ಮೊದಲ ಅಂಗ.

ಬಿದ್ದುಹೋದದ್ದನ್ನು ಎತ್ತಿಕೊಂಡವರು ಗಾಂಧೀಜಿ. 1915ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಆಶ್ರಮದಲ್ಲಿ ಐದೂ ಯಮಗಳನ್ನು ವ್ರತಗಳಾಗಿಸಿ, ಅಸ್ಪೃಶ್ಯತಾ ನಿವಾರಣೆಯನ್ನೂ ಸೇರಿಸಿದರು. ಅಗತ್ಯಕ್ಕಿಂತ ಹೆಚ್ಚು ಪಡೆಯುವುದೂ ಕಳ್ಳತನವೇ ಎಂಬುದು ಅವರ ನಿಲುವು.

1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಿಂದ ಟಿ. ಕೃಷ್ಣಮಾಚಾರ್ಯರ ಶಿಷ್ಯರ ಮೂಲಕ ಲೋಕವನ್ನು ಸುತ್ತಿದ್ದು ಮುಖ್ಯವಾಗಿ ಆಸನಗಳು. ಇಂದಿನ ತರಗತಿಗಳಲ್ಲಿ ಶೌಚ, ಸಂತೋಷಗಳ ಮಾತು ಆಗಾಗ ಬರುತ್ತದೆ, ಅಪರಿಗ್ರಹದ ಮಾತು ಅಪರೂಪ. ಯಮಗಳನ್ನು ಬಿಟ್ಟು ನಿಯಮಗಳನ್ನಷ್ಟೇ ಹಿಡಿದವನು ಪತಿತನಾಗುತ್ತಾನೆ ಎಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವೇ ಎಚ್ಚರಿಸಿತ್ತು.